ಲೆಕ್ಕದ ಪುಸ್ತಕದ ಹಿಂದಿರುವ ಮಾನವ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ 'ಆರ್ಥಿಕ ಜೀವನ ಮತ್ತು ಮಾನವ ಸ್ವಭಾವ' ಎಂಬ ವಿಷಯವನ್ನು ಕುರಿತು ಮಾತನಾಡುವಂತೆ ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಹಬ್ಬದ ಸಂಭ್ರಮದ ನಡುವೆ ಹಣಕಾಸಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಧರ್ಮವು ದೇವಾಲಯದೊಳಗೆ, ವ್ಯಾಪಾರವು ಅಂಗಡಿಯೊಳಗೆ. ಒಂದು ಇನ್ನೊಂದರ ಹೊಸ್ತಿಲು ದಾಟಬಾರದು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯ. ಆದರೆ ಶುಭಸಂದೇಶವನ್ನು ತೆರೆದು ನೋಡಿರಿ. ಯೇಸುಸ್ವಾಮಿ ಹೇಳಿದ ಸಾಮತಿಗಳಲ್ಲಿ ಎಷ್ಟೊಂದು ಕೂಲಿಯವರು, ಸಾಲಗಾರರು, ಮೇಸ್ತ್ರಿಗಳು, ಕಣಜ ಕಟ್ಟಿಸಿದ ಧನಿಕರು ಬಂದುಹೋಗುತ್ತಾರೆ! ಮಾನವನ ಹೃದಯವನ್ನು ಬಲ್ಲ ಪ್ರಭುವು ಅವನ ಕೈಚೀಲವನ್ನೂ ಬಲ್ಲವರಾಗಿದ್ದರು.

ನಾನು ಇಂದು ಹೇಳಬೇಕೆಂದಿರುವ ಮಾತು ಒಂದೇ. ಪ್ರತಿಯೊಂದು ಆರ್ಥಿಕ ವ್ಯವಸ್ಥೆಯ ಹಿಂದೆಯೂ, ಅದು ದೊಡ್ಡ ಕಾರ್ಖಾನೆಯಾಗಿರಲಿ, ಬೀದಿಬದಿಯ ಅಂಗಡಿಯಾಗಿರಲಿ, 'ಮಾನವನೆಂದರೆ ಯಾರು?' ಎಂಬ ಪ್ರಶ್ನೆಗೆ ಒಂದು ಉತ್ತರ ಅಡಗಿರುತ್ತದೆ. ಲೆಕ್ಕದ ಪುಸ್ತಕದ ಮೊದಲ ಸಾಲನ್ನು ಬರೆಯುವ ಮುನ್ನವೇ ಆ ಉತ್ತರವು ನಿರ್ಧಾರವಾಗಿರುತ್ತದೆ. ಮಾತ್ರವಲ್ಲ, ಮಾನವನನ್ನು ನಾವು ಯಾವ ಬಗೆಯವನೆಂದು ಭಾವಿಸಿ ವ್ಯವಸ್ಥೆಯನ್ನು ಕಟ್ಟುತ್ತೇವೆಯೋ, ಆ ವ್ಯವಸ್ಥೆಯಲ್ಲಿ ಬಾಳುವವನು ಕ್ರಮೇಣ ಅದೇ ಬಗೆಯವನಾಗುತ್ತಾನೆ.

ಹಳೆಯ ತಿಳಿವು

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಕಲೆಗಳನ್ನು ಬೇರ್ಪಡಿಸಿ ತೋರಿಸಿದನು. ಒಂದು ಮನೆವಾರ್ತೆಯ ಕಲೆ: ಕುಟುಂಬವು ಚೆನ್ನಾಗಿ ಬಾಳಲು ಬೇಕಾದುದನ್ನು ಒದಗಿಸಿಕೊಳ್ಳುವುದು. ಇನ್ನೊಂದು ಹಣವನ್ನು ಹಣಕ್ಕಾಗಿಯೇ ಕೂಡಿಹಾಕುವ ಕಲೆ. ಮೊದಲನೆಯದಕ್ಕೆ ಒಂದು ಮಿತಿಯುಂಟು. ಹೊಟ್ಟೆ ತುಂಬಿದ ಮೇಲೆ ಊಟ ಸಾಕೆನಿಸುತ್ತದೆ. ಎರಡನೆಯದಕ್ಕೆ ಮಿತಿಯೇ ಇಲ್ಲ. ಎಷ್ಟು ಹಣ ಸಾಕೆಂದು ಹಣವು ಎಂದಿಗೂ ಹೇಳುವುದಿಲ್ಲ. ಇಂದು ನಾವು ಅರ್ಥಶಾಸ್ತ್ರಕ್ಕೆ ಬಳಸುವ ಪಾಶ್ಚಾತ್ಯ ಪದವು ಮೊದಲನೆಯ ಕಲೆಯ ಹೆಸರಿನಿಂದಲೇ ಹುಟ್ಟಿತು. ಆದರೆ ಶಾಸ್ತ್ರವು ಹೆಚ್ಚಾಗಿ ಎರಡನೆಯದರ ಹಿಂದೆ ಹೋಯಿತು.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಮುಂದುವರಿಸಿದರು. ಆಸ್ತಿಯನ್ನು ಸಂಪಾದಿಸುವ, ನೋಡಿಕೊಳ್ಳುವ ಅಧಿಕಾರವು ವ್ಯಕ್ತಿಗೆ ಇರುವುದು ಯುಕ್ತವೆಂದು ಅವರು ಒಪ್ಪಿದರು. ತನ್ನದನ್ನು ಮನುಷ್ಯನು ಹೆಚ್ಚು ಜೋಪಾನವಾಗಿ ಕಾಯುತ್ತಾನೆ, ಎಲ್ಲರದೂ ಆದದ್ದು ಯಾರದೂ ಆಗದೆ ಹಾಳಾಗುತ್ತದೆ ಎಂಬ ಲೋಕಾನುಭವ ಅವರಿಗಿತ್ತು. ಆದರೆ ಅದರ ಉಪಯೋಗದ ವಿಷಯದಲ್ಲಿ, ಇರುವುದು ತನಗೊಬ್ಬನಿಗೇ ಎಂದು ಭಾವಿಸಬಾರದು. ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎಂದರು.

ನಮ್ಮ ನಾಡಿಗೂ ಈ ತಿಳಿವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಪದಗಳನ್ನು ಜೋಡಿಯಾಗಿ ನಿಲ್ಲಿಸಿದರು. ದುಡಿಮೆಯು ಪೂಜ್ಯ, ಆದರೆ ದುಡಿದದ್ದು ಹಂಚಿಕೆಯಲ್ಲಿ ಪೂರ್ಣವಾಗುತ್ತದೆ. ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದ ಕತೆಯನ್ನು ಕನ್ನಡಿಗರಾದ ನಾವೆಲ್ಲರೂ ಕೇಳಿದ್ದೇವೆ. 'ಸಾಕು' ಎಂಬ ಪದವನ್ನು ಆ ಬಡ ಗೃಹಿಣಿ ಬಲ್ಲವಳಾಗಿದ್ದಳು.

ಕತ್ತರಿಸಲ್ಪಟ್ಟ ಮಾನವ

ಹಾಗಾದರೆ, ಮಾನವನು ಸ್ವಾರ್ಥದ ಲೆಕ್ಕಾಚಾರದಿಂದಲೇ ನಡೆಯುವ ಜೀವಿ ಎಂಬ ಚಿತ್ರವು ಎಲ್ಲಿಂದ ಬಂದಿತು? ಇದನ್ನು ಸಾಮಾನ್ಯವಾಗಿ ಆಡಮ್ ಸ್ಮಿತ್‌ನ ತಲೆಗೆ ಕಟ್ಟುತ್ತಾರೆ. 1776ರಲ್ಲಿ ಪ್ರಕಟವಾದ ರಾಷ್ಟ್ರಗಳ ಸಂಪತ್ತನ್ನು ಕುರಿತ ಗ್ರಂಥದಲ್ಲಿ ಅವನು, ಮಾಂಸದವನಾಗಲಿ ರೊಟ್ಟಿಯವನಾಗಲಿ ನಮಗೆ ಊಟ ಒದಗಿಸುವುದು ದಯೆಯಿಂದಲ್ಲ, ತಮ್ಮ ಲಾಭಕ್ಕಾಗಿ ಎಂದು ಬರೆದದ್ದು ನಿಜ. ಆದರೆ ಇದೇ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. 1759ರಲ್ಲಿ ಹೊರಬಂದ ಅವನ ಮೊದಲ ಗ್ರಂಥವು, ಮಾನವನು ಎಷ್ಟೇ ಸ್ವಾರ್ಥಿಯೆಂದು ತೋರಿದರೂ ಇತರರ ಸುಖದುಃಖಗಳಲ್ಲಿ ಪಾಲ್ಗೊಳ್ಳುವ ಗುಣವು ಅವನ ಸ್ವಭಾವದಲ್ಲೇ ಇದೆ ಎಂಬ ವಿಚಾರದಿಂದ ಆರಂಭವಾಗುತ್ತದೆ. ಮುಂದಿನ ತಲೆಮಾರುಗಳು ಎರಡನೆಯ ಗ್ರಂಥವನ್ನು ಓದಿ ಮೊದಲನೆಯದನ್ನು ಮರೆತವು.

ಆನಂತರ, 1836ರಲ್ಲಿ, ಜಾನ್ ಸ್ಟುವರ್ಟ್ ಮಿಲ್ ಒಂದು ಪ್ರಬಂಧದಲ್ಲಿ ಅರ್ಥಶಾಸ್ತ್ರದ ವ್ಯಾಪ್ತಿಯನ್ನು ಗೊತ್ತುಪಡಿಸಿದನು. ಸಂಪತ್ತನ್ನು ಬಯಸುವ, ಶ್ರಮವನ್ನು ತಪ್ಪಿಸಿಕೊಳ್ಳಲು ಯತ್ನಿಸುವ ಪ್ರಾಣಿಯೆಂದು ಮಾತ್ರ ಮಾನವನನ್ನು ಪರಿಗಣಿಸಿ ಈ ಶಾಸ್ತ್ರವು ಲೆಕ್ಕ ಹಾಕುತ್ತದೆ ಎಂದನು. ಮಾನವರು ನಿಜವಾಗಿ ಹೀಗೆಯೇ ಇದ್ದಾರೆಂದು ನಂಬುವಷ್ಟು ಅವಿವೇಕಿ ಯಾವ ಅರ್ಥಶಾಸ್ತ್ರಜ್ಞನೂ ಇರಲಿಲ್ಲ ಎಂಬ ಎಚ್ಚರಿಕೆಯನ್ನೂ ಅಲ್ಲಿಯೇ ಸೇರಿಸಿದನು. ದರ್ಜಿಯು ಅಂಗಿ ಹೊಲಿಯಲು ಎದೆಯ ಅಳತೆಯನ್ನು ತೆಗೆದುಕೊಳ್ಳುತ್ತಾನೆ; ಎದೆಯೊಳಗೆ ಏನಿದೆ ಎಂದು ಕೇಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಎದೆಯೆಂದರೆ ಆ ಅಳತೆಯಷ್ಟೇ ಎಂದು ಸಾಧಿಸಲು ಹೊರಟಾಗ ತಪ್ಪು ಆರಂಭವಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಕತ್ತರಿಸಿಕೊಂಡ ಮಾನವನೇ ಪೂರ್ಣ ಮಾನವನೆಂಬ ಭ್ರಮೆಯು ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ, ಕೊನೆಗೆ ಕುಟುಂಬಗಳಲ್ಲಿಯೂ ಹರಡಿತು.

ಇದಕ್ಕೆ ಪ್ರತಿಯಾಗಿ ಎದ್ದು ನಿಂತವನು ಕಾರ್ಲ್ ಮಾರ್ಕ್ಸ್. ಕಾರ್ಮಿಕನು ತಾನು ಮಾಡಿದ ವಸ್ತುವಿನಿಂದಲೂ, ತನ್ನ ಕೆಲಸದಿಂದಲೂ, ಸಹಮಾನವರಿಂದಲೂ ಪರಕೀಯನಾಗುತ್ತಿದ್ದಾನೆಂದು 1844ರ ತನ್ನ ಬರಹಗಳಲ್ಲಿ ಅವನು ತೋರಿಸಿದನು. ಆ ನೋವಿನ ವರ್ಣನೆಯು ಸತ್ಯವಾದದ್ದು. ಅದನ್ನು ನಾವು ಒಪ್ಪಲೇಬೇಕು. ಆದರೆ ಅವನ ಮದ್ದಿನಲ್ಲಿ ಒಂದು ಕೊರತೆ ಇತ್ತು. ಮಾನವನ ಸತ್ವವು ಸಮಾಜ ಸಂಬಂಧಗಳ ಒಟ್ಟು ಮೊತ್ತವೆಂದ ಮೇಲೆ, ಆ ಮೊತ್ತವನ್ನು ಸರಿಪಡಿಸುವ ಹೆಸರಿನಲ್ಲಿ ಒಬ್ಬೊಬ್ಬ ವ್ಯಕ್ತಿಯನ್ನು ಅಳಿಸಿಹಾಕಲು ಅಡ್ಡಿಯೇನು? ಇಪ್ಪತ್ತನೆಯ ಶತಮಾನದ ಇತಿಹಾಸವು ಇದಕ್ಕೆ ದುಃಖಕರವಾದ ಉತ್ತರವನ್ನು ಕೊಟ್ಟಿತು. ಸಮಾಜವಾದದ ಮೂಲ ದೋಷವು ಮಾನವನನ್ನು ಕುರಿತ ಅದರ ಕಲ್ಪನೆಯಲ್ಲಿಯೇ ಇದೆ ಎಂದು ಜಗದ್ಗುರು ಎರಡನೆಯ ಜಾನ್ ಪೌಲರು 1991ರ ತಮ್ಮ ಪರಿಪತ್ರದಲ್ಲಿ ಹೇಳಿದರು. ಕೊಳ್ಳುವುದೇ ಬಾಳು ಎಂದು ಕಲಿಸುವ ಮಾರುಕಟ್ಟೆಯನ್ನೂ ಅದೇ ಪರಿಪತ್ರದಲ್ಲಿ ಅವರು ಖಂಡಿಸಿದರು ಎಂಬುದನ್ನು ನಾವು ಮರೆಯಬಾರದು.

ಧರ್ಮಸಭೆಯ ದೃಷ್ಟಿ

ಈ ಎರಡರ ನಡುವೆ ಧರ್ಮಸಭೆಯು ಹೇಳಿದ್ದೇನು? 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ಎಂಬ ಪರಿಪತ್ರವನ್ನು ಹೊರಡಿಸಿದರು. ನಮ್ಮ ಈ ದೇವಾಲಯಕ್ಕೆ ಅಡಿಗಲ್ಲು ಬೀಳುವ ಮೊದಲೇ ಬರೆದ ಆ ಪತ್ರದಲ್ಲಿ ಒಂದು ವಿಚಾರವು ಇಂದಿಗೂ ಮೊನಚಾಗಿಯೇ ಉಳಿದಿದೆ. ಕೂಲಿಯು ಇಬ್ಬರೂ ಒಪ್ಪಿಕೊಂಡ ಮೊತ್ತವಾಗಿದ್ದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ಹಸಿವಿಗೆ ಹೆದರಿ, ಬೇರೆ ದಾರಿ ಕಾಣದೆ ಒಬ್ಬನು ಕಡಿಮೆ ಕೂಲಿಗೆ ಒಪ್ಪಿದರೆ ಅವನು ಒಪ್ಪಿದನೆಂದಲ್ಲ, ಬಲಾತ್ಕಾರಕ್ಕೆ ಒಳಗಾದನೆಂದೇ ಅರ್ಥ. ಮಿತವಾಗಿ ಬಾಳುವ ದುಡಿಮೆಗಾರನ ಜೀವನಕ್ಕೆ ಕೂಲಿಯು ಸಾಲಬೇಕು. ಇದು ದಾನವಲ್ಲ, ನ್ಯಾಯ.

ತೊಂಬತ್ತು ವರ್ಷಗಳ ಬಳಿಕ, 1981ರಲ್ಲಿ, ಎರಡನೆಯ ಜಾನ್ ಪೌಲರು ಶ್ರಮವನ್ನು ಕುರಿತು ಬರೆದ ಪರಿಪತ್ರದಲ್ಲಿ ಇದಕ್ಕೆ ತತ್ವಶಾಸ್ತ್ರದ ಬುನಾದಿಯನ್ನು ಹಾಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ರಾಕೋವ್ ನಗರದ ಬಳಿ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ಸ್ವತಃ ದುಡಿದಿದ್ದ ಅವರಿಗೆ ವಿಷಯವು ಪುಸ್ತಕದಿಂದ ಮಾತ್ರ ತಿಳಿದುದಾಗಿರಲಿಲ್ಲ. ಕೆಲಸಕ್ಕೆ ಎರಡು ಮುಖಗಳಿವೆ ಎಂದು ಅವರು ವಿವರಿಸಿದರು: ಕೈಯಿಂದ ಹೊರಬಂದ ವಸ್ತು ಒಂದು, ಕೆಲಸ ಮಾಡಿದ ವ್ಯಕ್ತಿ ಇನ್ನೊಂದು. ಕೆಲಸದ ಗೌರವವು ಎರಡನೆಯದರಿಂದ ಬರುತ್ತದೆ. ಆದ್ದರಿಂದ ಶೌಚಾಲಯ ತೊಳೆಯುವವನ ದುಡಿಮೆಗೂ ನ್ಯಾಯಾಧೀಶನ ದುಡಿಮೆಗೂ ಸಂಬಳ ಬೇರೆಯಾಗಿರಬಹುದು, ಗೌರವ ಬೇರೆಯಲ್ಲ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವನು ಕೆಲಸದ ಮೂಲಕ ಸೃಷ್ಟಿಯ ಕಾರ್ಯದಲ್ಲಿ ಭಾಗಿಯಾಗುತ್ತಾನೆ.

ಆದರೆ ಕ್ರೈಸ್ತ ದೃಷ್ಟಿಯು ಮಾನವನನ್ನು ದೇವದೂತನನ್ನಾಗಿ ಮಾಡುವುದಿಲ್ಲ. ಜನ್ಮಪಾಪದ ಬೋಧನೆಯನ್ನು ಒಪ್ಪುವ ನಾವು, ಮಾನವನ ಕೈ ಜಾರುತ್ತದೆ ಎಂಬುದನ್ನೂ ಬಲ್ಲೆವು. ಆದುದರಿಂದಲೇ ದೇವಾಲಯದ ಹುಂಡಿಗೂ ಬೀಗ ಬೇಕು, ಸಂಘದ ಲೆಕ್ಕಕ್ಕೂ ತಪಾಸಣೆ ಬೇಕು. ಮಾನವನು ನಂಬಿಕೆಗೆ ಅರ್ಹನು, ಆದರೆ ಬಲಹೀನನು. ಅವನ ಒಳ್ಳೆಯತನಕ್ಕೆ ಅವಕಾಶ ಕೊಡುವುದು, ಬಲಹೀನತೆಗೆ ಕಟ್ಟು ಹಾಕುವುದು ಎರಡೂ ಒಳ್ಳೆಯ ವ್ಯವಸ್ಥೆಯ ಕರ್ತವ್ಯ.

ಎರಡು ನಿದರ್ಶನಗಳು

ಇದೆಲ್ಲವೂ ತತ್ವವಾಯಿತು, ಲೋಕದಲ್ಲಿ ಇದರ ಪರೀಕ್ಷೆ ಆಗಿದೆಯೇ ಎಂದು ನೀವು ಕೇಳಬಹುದು. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಇಸ್ರಾಯೇಲಿನ ಹೈಫಾ ನಗರದ್ದು. ಅಲ್ಲಿನ ಹತ್ತು ಶಿಶುವಿಹಾರಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿ, ಅದರ ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಾಯಿತಂದೆಯರು ತಡವಾಗಿ ಬರುತ್ತಿದ್ದರು, ಅಧ್ಯಾಪಕಿಯರು ಕಾಯಬೇಕಾಗುತ್ತಿತ್ತು. ಆರು ಶಿಶುವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡವೆಂದು ಗೊತ್ತುಮಾಡಿದರು. ದಂಡಕ್ಕೆ ಹೆದರಿ ಜನರು ಬೇಗ ಬರಬೇಕಾಗಿತ್ತಲ್ಲವೇ? ಆದದ್ದು ಇದಕ್ಕೆ ವಿರುದ್ಧ. ತಡವಾಗಿ ಬರುವವರ ಸಂಖ್ಯೆಯು ಸುಮಾರು ಎರಡರಷ್ಟಾಯಿತು. ಅದುವರೆಗೆ 'ಪಾಪ, ಅಧ್ಯಾಪಕಿ ಕಾಯುತ್ತಿರುತ್ತಾರೆ' ಎಂದು ಓಡೋಡಿ ಬರುತ್ತಿದ್ದವರು, ದಂಡ ಬಂದ ಮೇಲೆ 'ಹಣ ಕೊಡುತ್ತೇನಲ್ಲ' ಎಂದುಕೊಂಡಿರಬೇಕು. ದಾಕ್ಷಿಣ್ಯವು ಇದ್ದ ಸ್ಥಳದಲ್ಲಿ ದರವು ಬಂದು ಕುಳಿತಿತು. ಕೆಲವು ವಾರಗಳ ನಂತರ ದಂಡವನ್ನು ರದ್ದುಪಡಿಸಿದರೂ ಹಳೆಯ ಸ್ಥಿತಿ ಮರಳಲಿಲ್ಲ. ಸ್ವಾರ್ಥಿಯೆಂದು ಭಾವಿಸಿ ನಡೆಸಿಕೊಂಡರೆ ಮಾನವನು ಸ್ವಾರ್ಥಿಯಾಗುವುದನ್ನು ಕಲಿಯುತ್ತಾನೆ; ಕಲಿತದ್ದನ್ನು ಬೇಗ ಮರೆಯುವುದಿಲ್ಲ.

ಎರಡನೆಯ ನಿದರ್ಶನವು ನಮ್ಮಂತಹ ಒಂದು ಧರ್ಮಕೇಂದ್ರದಿಂದ ಹೊರಟದ್ದು. ಸ್ಪೇಯಿನ್ ದೇಶದ ಬಾಸ್ಕ್ ಪ್ರಾಂತದಲ್ಲಿ ಮೊಂದ್ರಾಗೊನ್ ಎಂಬ ಪಟ್ಟಣವಿದೆ. ಅಂತರ್ಯುದ್ಧವು ಮುಗಿದು ಎರಡು ವರ್ಷಗಳಾಗಿದ್ದವು. ಬಡತನ, ನಿರುದ್ಯೋಗ, ಪರಸ್ಪರ ದ್ವೇಷ ಅಲ್ಲಿ ತುಂಬಿದ್ದವು. 1941ರಲ್ಲಿ ಇಪ್ಪತ್ತೈದು ವರ್ಷದ ಹೊಸೆ ಮರಿಯಾ ಅರಿಸ್ಮೆಂಡಿಯಾರಿಯೆಟಾ ಎಂಬ ಗುರುಗಳು ಸಹಾಯಕ ಗುರುಗಳಾಗಿ ಅಲ್ಲಿಗೆ ಬಂದರು. ಅವರು ಮೊದಲು ಮಾಡಿದ್ದು ಕಾರ್ಖಾನೆಯನ್ನು ತೆರೆಯುವುದಲ್ಲ. ಜನರಿಂದ ಸಹಾಯವನ್ನು ಕೂಡಿಸಿ 1943ರಲ್ಲಿ ಒಂದು ಚಿಕ್ಕ ತಾಂತ್ರಿಕ ಶಾಲೆಯನ್ನು ತೆರೆದರು. ಕಾರ್ಮಿಕರ ಮಕ್ಕಳಿಗೆ ವೃತ್ತಿಯ ಜೊತೆಗೆ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನೂ ಕಲಿಸಿದರು. ಆ ಶಾಲೆಯಲ್ಲಿ ಕಲಿತ ಐವರು ಯುವಕರು 1956ರಲ್ಲಿ ಸೀಮೆಎಣ್ಣೆಯ ಒಲೆಗಳನ್ನು ತಯಾರಿಸುವ ಸಹಕಾರಿ ಉದ್ಯಮವನ್ನು ಆರಂಭಿಸಿದರು. ಅಲ್ಲಿ ದುಡಿಯುವವರೇ ಒಡೆಯರು; ಹಾಕಿದ ಬಂಡವಾಳ ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಅತಿ ಹೆಚ್ಚಿನ ಸಂಬಳವು ಅತಿ ಕಡಿಮೆಯ ಸಂಬಳದ ಮೂರು ಪಟ್ಟನ್ನು ಮೀರಬಾರದೆಂದು ಆರಂಭದಲ್ಲಿ ಗೊತ್ತುಪಡಿಸಿದರು. ಮುಂದೆ ಈ ಅಂತರವು ಹೆಚ್ಚಿದರೂ ಸಾಮಾನ್ಯವಾಗಿ ಆರು ಪಟ್ಟಿನ ಮಿತಿಯೊಳಗೆ ಉಳಿಯಿತು. 1959ರಲ್ಲಿ ತಮ್ಮದೇ ಬ್ಯಾಂಕನ್ನೂ ಕಟ್ಟಿದರು. ಇಂದು ಆ ಸಹಕಾರಿ ಸಮೂಹದಲ್ಲಿ ಸುಮಾರು 70,000 ಮಂದಿ ದುಡಿಯುತ್ತಿದ್ದಾರೆ. ಗುರುಗಳು 1976ರಲ್ಲಿ ದೈವಾಧೀನರಾದರು; 2015ರಲ್ಲಿ ಧರ್ಮಸಭೆಯು ಅವರನ್ನು ಪೂಜ್ಯರೆಂದು ಘೋಷಿಸಿತು.

ಇದನ್ನು ನಾನು ಸ್ವರ್ಗವೆಂದು ವರ್ಣಿಸುತ್ತಿಲ್ಲ. ಅಲ್ಲಿ ದುಡಿಯುವವರೆಲ್ಲರೂ ಸದಸ್ಯರಲ್ಲ. ಆ ಸಮೂಹದ ಗೃಹೋಪಕರಣಗಳ ಉದ್ಯಮವು 2013ರಲ್ಲಿ ದಿವಾಳಿಯಾಯಿತು. ಆದರೆ ಆಗ ನಡೆದದ್ದನ್ನು ಗಮನಿಸಿರಿ. ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಬಹುಮಂದಿಗೆ ಅದೇ ಸಮೂಹದ ಇತರ ಸಹಕಾರಿಗಳಲ್ಲಿ ಸ್ಥಾನ ಕೊಡಲಾಯಿತು, ಇಲ್ಲವೇ ಅವಧಿಗೆ ಮುನ್ನ ನಿವೃತ್ತಿಯ ಏರ್ಪಾಡು ಮಾಡಲಾಯಿತು. ಮುಳುಗುವ ಹಡಗಿನಿಂದ ಜನರನ್ನು ಎತ್ತಿಕೊಳ್ಳಲು ಪಕ್ಕದ ದೋಣಿಗಳು ಬಂದವು.

ನಮ್ಮ ಕರ್ನಾಟಕದಲ್ಲಿಯೂ ಈ ಬೀಜ ಹಳೆಯದೇ. ಜರ್ಮನಿಯ ಹಳ್ಳಿಗಳಲ್ಲಿ ಬಡ್ಡಿಯ ಬಲೆಗೆ ಬಿದ್ದ ರೈತರಿಗಾಗಿ, ಪ್ರೊಟೆಸ್ಟಂಟ್ ಸಭೆಗೆ ಸೇರಿದ ರೈಫೈಸನ್ ಎಂಬ ಸಜ್ಜನರು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲದ ಸಂಘಗಳನ್ನು ಕಟ್ಟಿದರು. ಒಡವೆಯಿಲ್ಲದವನಿಗೆ ಅವನ ನಡತೆಯೇ ಅಡವು; ನೆರೆಯವರೇ ಜಾಮೀನು. ಆ ಮಾದರಿಯು 1904ರ ಸಹಕಾರಿ ಕಾಯಿದೆಯ ಮೂಲಕ ಭಾರತಕ್ಕೆ ಬಂದಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘವು ನಾಡಿಗೆ ದಾರಿ ತೋರಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಅವರೆಲ್ಲರೂ ತತ್ವಶಾಸ್ತ್ರವನ್ನು ಓದಿದವರಲ್ಲ. ಆದರೆ 'ಬಡವನು ನಂಬಿಕೆಗೆ ಅರ್ಹನೇ?' ಎಂಬ ಪ್ರಶ್ನೆಗೆ 'ಹೌದು' ಎಂದು ಉತ್ತರಿಸಿದವರು.

ನಮ್ಮ ಮುಂದಿರುವ ಪ್ರಶ್ನೆ

ಪ್ರಿಯರೇ, ಈಗ ದೂರದ ಊರುಗಳನ್ನು ಬಿಟ್ಟು ನಮ್ಮ ಅಂಗಳಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳಿಗೆ ಜ್ವರ ಬಂದ ದಿನದ ಕೂಲಿಯನ್ನು ನಾವು ಹಿಡಿದುಕೊಳ್ಳುತ್ತೇವೆಯೇ? ಮಳೆಯಲ್ಲಿ ನೆನೆದು ಬಾಗಿಲಿಗೆ ಊಟ ತಂದುಕೊಡುವ ಯುವಕನ ಮುಖವನ್ನು ನೋಡುತ್ತೇವೆಯೇ, ಅಥವಾ ಅವನ ಕೈಯಲ್ಲಿನ ಪೊಟ್ಟಣವನ್ನು ಮಾತ್ರವೇ? ದೂರದ ಬಿಹಾರದಿಂದ, ಒಡಿಶಾದಿಂದ ಬಂದು ನಮ್ಮ ಮನೆಗಳನ್ನು ಕಟ್ಟುವವರು ಎಲ್ಲಿ ಮಲಗುತ್ತಾರೆಂದು ಕೇಳಿದ್ದೇವೆಯೇ? ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ಪಡೆದು, ತೀರಿಸಲಾಗದೆ ಮಾನಕ್ಕೆ ಅಂಜಿ ಕುಗ್ಗಿಹೋದ ಯುವಕರು ನಮ್ಮ ಕುಟುಂಬಗಳಲ್ಲಿಯೇ ಇದ್ದಾರೆ. ಅವರು ನೆರೆಯವರ ಬಳಿ ಬರಲಾರದೆ ಅಪರಿಚಿತನ ಬಳಿ ಹೋದದ್ದೇಕೆ?

ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಅದನ್ನು ಇತರರು ಕೇಳುವುದಕ್ಕಿಂತ ಮೊದಲು ನಾವೇ ಕೇಳಿಕೊಳ್ಳುವುದು ಲೇಸು. ಗಂಟೆ ಬಾರಿಸುವವರು, ದೇವಾಲಯವನ್ನು ಗುಡಿಸುವವರು, ನಮ್ಮ ಶಾಲೆಗಳಲ್ಲಿ ಸರಕಾರದ ಅನುದಾನವಿಲ್ಲದೆ ಪಾಠ ಹೇಳುವ ಶಿಕ್ಷಕಿಯರು, ಅಡಿಗೆಯವರು, ಕಾವಲುಗಾರರು, ಇವರ ಸಂಬಳವು ಒಂದು ಸಂಸಾರಕ್ಕೆ ಸಾಲುತ್ತದೆಯೇ? 'ಇದು ಸೇವೆ' ಎಂಬ ಪವಿತ್ರವಾದ ಮಾತನ್ನು ಕಡಿಮೆ ಸಂಬಳದ ಮೇಲೆ ಹೊದಿಸುವ ಹೊದಿಕೆಯನ್ನಾಗಿ ಎಂದೂ ಬಳಸಬಾರದು. ಸೇವೆಯನ್ನು ಸ್ವಇಚ್ಛೆಯಿಂದ ಕೊಡಬಹುದು. ಇನ್ನೊಬ್ಬರಿಂದ ವಸೂಲು ಮಾಡುವಂತಿಲ್ಲ.

ಶತಮಾನೋತ್ಸವದ ನೆನಪಿಗೆ ಹೊಸ ಕಮಾನು ಬೇಕೆಂದು ಕೆಲವರು, ಸಭಾಭವನ ಬೇಕೆಂದು ಕೆಲವರು ಸೂಚಿಸಿದ್ದಾರೆ. ಅವು ಆಗಲಿ. ಆದರೆ ಪಾಲನಾ ಮಂಡಳಿಯ ಮುಂದೆ ನನ್ನದೊಂದು ವಿನಂತಿಯಿದೆ. ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ, ನಮ್ಮ ಧರ್ಮಕೇಂದ್ರದ ಆಶ್ರಯದಲ್ಲಿ ದುಡಿಯುವ ಪ್ರತಿಯೊಬ್ಬರ ಸಂಬಳ, ಭವಿಷ್ಯನಿಧಿ, ರಜೆ ಇವುಗಳ ಪರಿಶೀಲನೆ ಇರಲಿ. ಎರಡನೆಯ ಸಾಲಿನಲ್ಲಿ, ಕಷ್ಟಕ್ಕೆ ಸಿಲುಕಿದ ಕುಟುಂಬಗಳಿಗೆ ಮಾನಹಾನಿಯಿಲ್ಲದೆ ಸಾಲ ದೊರೆಯುವ ಒಂದು ಚಿಕ್ಕ ನಿಧಿ ಇರಲಿ. ಅದಕ್ಕೆ ಸರಿಯಾದ ಲೆಕ್ಕವೂ ತಪಾಸಣೆಯೂ ಇರಲಿ. ಕಮಾನು ಮೂರನೆಯ ಸಾಲಿನಲ್ಲಿ ಬಂದರೆ ಅದರ ಅಂದವೇನೂ ಕುಂದುವುದಿಲ್ಲ.

ಇದರಿಂದ ನಷ್ಟವಾಗುವುದಿಲ್ಲವೇ ಎಂದು ವ್ಯಾಪಾರ ಬಲ್ಲ ನಮ್ಮ ಸಹೋದರರು ಕೇಳಬಹುದು. ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಲಾಭವಿಲ್ಲದ ಅಂಗಡಿಯು ಯಾರಿಗೂ ಕೂಲಿ ಕೊಡಲಾರದು. ಲಾಭವು ಅಂಗಡಿಯ ಉಸಿರು. ಆದರೆ ಯಾರೂ ಉಸಿರಾಡುವುದಕ್ಕಾಗಿಯೇ ಬದುಕುವುದಿಲ್ಲ; ಬದುಕುವುದಕ್ಕಾಗಿ ಉಸಿರಾಡುತ್ತಾರೆ.

ದ್ರಾಕ್ಷಿತೋಟದ ಸಾಮತಿಯನ್ನು ನೆನಪಿಗೆ ತಂದುಕೊಳ್ಳಿರಿ. ದಿನದ ಕೊನೆಯ ಗಳಿಗೆಯಲ್ಲಿ ಬಂದವನಿಗೂ ತೋಟದ ಯಜಮಾನನು ಪೂರ್ಣ ಕೂಲಿಯನ್ನು ಕೊಟ್ಟನು. ದುಡಿದ ಗಂಟೆಗಳನ್ನು ಎಣಿಸಿದವರಿಗೆ ಅದು ಅನ್ಯಾಯವೆನಿಸಿತು. ಆದರೆ ಸಂಜೆಯವರೆಗೂ ಕೆಲಸಕ್ಕೆ ಕರೆಯುವವರಿಲ್ಲದೆ ಸಂತೆಯ ಮೂಲೆಯಲ್ಲಿ ನಿಂತಿದ್ದವನ ಮನೆಯಲ್ಲಿಯೂ ಮಕ್ಕಳು ಹಸಿದಿರುತ್ತಾರೆಂದು ಯಜಮಾನನು ಬಲ್ಲವನಾಗಿದ್ದನು. ಈ ಸಾಮತಿಯ ಮಾತನ್ನೇ ಹೆಸರಾಗಿ ಪಡೆದ ಜಾನ್ ರಸ್ಕಿನ್‌ನ ಪುಸ್ತಕವೊಂದನ್ನು ಗಾಂಧೀಜಿಯವರು 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ ತಮ್ಮ ಬಾಳನ್ನೇ ಬದಲಿಸಿಕೊಂಡರು. ಅದರ ಸಾರವನ್ನು ಗುಜರಾತಿಯಲ್ಲಿ ಬರೆದು 'ಸರ್ವೋದಯ' ಎಂದು ಹೆಸರಿಟ್ಟರು. ಯೇಸುಸ್ವಾಮಿಯ ಒಂದು ಸಾಮತಿಯು ಹೀಗೆ ಭಾರತದ ಹಳ್ಳಿಗಳವರೆಗೆ ನಡೆದುಬಂದಿತು.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡಾಗ, ಹದಿಮೂರನೆಯ ಲಿಯೋರವರ ಆ 1891ರ ಪರಿಪತ್ರವೇ ತಮಗೆ ಮುಖ್ಯ ಕಾರಣವೆಂದು ತಿಳಿಸಿದರು. ಯಂತ್ರಗಳೇ ಯೋಚಿಸತೊಡಗಿರುವ ಈ ಕಾಲದಲ್ಲಿ, ದುಡಿಯುವ ಮಾನವನು ಯಾರು ಎಂಬ ಪ್ರಶ್ನೆಯು ಮತ್ತೆ ನಮ್ಮ ಬಾಗಿಲನ್ನು ತಟ್ಟುತ್ತಿದೆ. ಅದಕ್ಕೆ ನಾವು ಕೊಡುವ ಉತ್ತರವು ನಮ್ಮ ಭಾಷಣಗಳಲ್ಲಿ ಕಾಣಿಸುವುದಿಲ್ಲ. ತಿಂಗಳ ಕೊನೆಯ ದಿನ ನಾವು ಎಣಿಸಿ ಕೊಡುವ ಸಂಬಳದಲ್ಲಿ, ಕೊಟ್ಟ ಸಾಲವನ್ನು ಕೇಳುವ ದನಿಯಲ್ಲಿ ಕಾಣಿಸುತ್ತದೆ.

ನಜರೇತಿನ ಬಡಗಿಯ ಮನೆಯಲ್ಲಿ ದುಡಿದು ಬೆಳೆದ ಪ್ರಭುವು ನಮ್ಮ ಕೈಗಳ ಕೆಲಸವನ್ನೂ ನಮ್ಮ ಕೈಕೆಳಗೆ ದುಡಿಯುವವರ ಕೆಲಸವನ್ನೂ ಆಶೀರ್ವದಿಸಲಿ. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವು ನ್ಯಾಯದ ಶತಮಾನವಾಗಲಿ ಎಂದು ಪ್ರಾರ್ಥಿಸುತ್ತೇನೆ.